ಮಗು ‘ಅಪ್ಪೇ’ ಎಂದು ಅತ್ತರೆ ಯಾರನ್ನು ಕರೆಯಬೇಕು?

ಪ್ರಶ್ನೆ: ನಾನು ಗದಗ ಕಡೆಯವಳು. ಮಂಗಳೂರಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮೂರನೆಯ ವರ್ಷ. ಈ ತಿಂಗಳು ಮಕ್ಕಳ ವಾರ್ಡಿನಲ್ಲಿ ಪೋಸ್ಟಿಂಗ್. ಮೊನ್ನೆ ಬೆಳ್ತಂಗಡಿ ಕಡೆಯ ಐದು ವರ್ಷದ ಹುಡುಗನೊಬ್ಬ ಕೈ ಮುರಿದುಕೊಂಡು ಬಂದ. ಪ್ಲಾಸ್ಟರ್ ಹಾಕಿದ ಮೇಲೆ “ಅಪ್ಪೇ, ಅಪ್ಪೇ” ಎಂದು ಒಂದೇ ಸಮನೆ ಅಳುತ್ತಿದ್ದ. ಓಡಿಹೋಗಿ ಅವನ ತಂದೆಯನ್ನು ಕರೆತಂದೆ. ಅಳು ಇನ್ನೂ ಜೋರಾಯಿತು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ ಎಂದು ಪಕ್ಕದ ಹಾಸಿಗೆಯ ಅಜ್ಜಿ ನಕ್ಕು ಹೇಳಿದರು. ನನಗೆ ನಗು ಬರಲಿಲ್ಲ. ಇಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲವೂ ಇವೆ. ದೊಡ್ಡವರ ಜೊತೆ ಕನ್ನಡದಲ್ಲಿ ಹೇಗೋ ನಡೆಯುತ್ತದೆ. ಇನ್ನೂ ಶಾಲೆ ಕಾಣದ ಮಕ್ಕಳಿಗೆ ನೋವು ಎಷ್ಟಿದೆ ಎಂದು ಹೇಗೆ ಕೇಳಲಿ, ಅಕ್ಕ?

ಉತ್ತರ (ಮಕ್ಕಳ ವಾರ್ಡಿನ ಹಿರಿಯ ನರ್ಸ್): ತಂಗಿ, ಮೊದಲು ಆ ಹುಡುಗನ ಬೆರಳು ನೋಡು. ಪ್ಲಾಸ್ಟರ್ ಹಾಕಿದ ಮಗು ಅತ್ತರೆ ಭಾಷೆಗಾಗಿ ಕಾಯಬಾರದು. ಬೆರಳು ಊದಿದೆಯೇ, ತಣ್ಣಗಿದೆಯೇ, ಬಿಳಚಿದೆಯೇ? ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬೆರಳನ್ನು ಮೆಲ್ಲಗೆ ನೇರ ಮಾಡಿದಾಗ ಚೀರಿದರೆ, ಅಥವಾ ಔಷಧ ಕೊಟ್ಟ ಮೇಲೂ ನೋವು ಏರುತ್ತಲೇ ಇದ್ದರೆ, ತಕ್ಷಣ ಡಾಕ್ಟರನ್ನು ಕರೆಯಬೇಕು. ಒಳಗೆ ಒತ್ತಡ ಹೆಚ್ಚಿ ರಕ್ತ ಓಡಾಟ ನಿಲ್ಲುತ್ತಿರಬಹುದು.

ಇನ್ನು ನೋವಿನ ಅಳತೆ. ವಾಂಗ್-ಬೇಕರ್ ಎಂಬ ನೋವಿನ ಚಿತ್ರದಲ್ಲಿ ಆರು ಮುಖಗಳಿವೆ, ನೋವೇ ಇಲ್ಲದ 0ಯಿಂದ ತೀರಾ ನೋವಿನ 10ರವರೆಗೆ. ಮೂರು ವರ್ಷ ದಾಟಿದವರಿಗೆ ಅದು ನಡೆಯುತ್ತದೆ. ಹೆಚ್ಚಿನವರು ಮಗುವಿನ ಮುಖ ನೋಡಿ ತಾವೇ ಅಂಕಿ ಬರೆದುಬಿಡುತ್ತಾರೆ. ಅದು ತಪ್ಪು, ಬೆರಳಿಟ್ಟು ತೋರಿಸಬೇಕಾದವನು ಮಗುವೇ. ಕೊನೆಯ ಮುಖದಲ್ಲಿ ಕಣ್ಣೀರಿದೆ; ಅಳದಿದ್ದರೂ ಅದನ್ನು ತೋರಿಸಬಹುದು ಎಂಬುದನ್ನು ತಾಯಿಯಿಂದ ಹೇಳಿಸು. ತೀರಾ ಚಿಕ್ಕವರಿಗೆ ಫ್ಲ್ಯಾಕ್ ಮಾಪಕ: ಮುಖ, ಕಾಲು, ಚಲನೆ, ಅಳು, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂಬುದು. ಪ್ರತಿಯೊಂದಕ್ಕೂ 0ಯಿಂದ 2. ಅದಕ್ಕೆ ಮಾತೇ ಬೇಡ.

ಪ್ರತಿ ಮನೆಯ ನೋವಿನ ಪದವನ್ನು ತಾಯಿಯಿಂದ ಕೇಳಿ ಹಾಸಿಗೆಯ ಚಾರ್ಟಿನಲ್ಲಿ ಬರೆದಿಡು. ತುಳುವಿನಲ್ಲಿ ಅದು ‘ಬೇನೆ’. ಹೊಟ್ಟೆಬೇನೆ ಎನ್ನುವ ನಿಮ್ಮ ಊರಿಗೆ ಅದೇನು ಹೊಸದೇ?

ಪ್ರಶ್ನೆ: ಬೆರಳು ಬೆಚ್ಚಗಿವೆ ಅಕ್ಕ, ಡಾಕ್ಟರೂ ನೋಡಿದರು. ಇನ್ನೊಂದು ಮಾತು. ಬ್ಯಾರಿ ಮನೆಯ ಮಗುವೊಂದರ ಅಜ್ಜಿಗೆ ಕನ್ನಡ ಅಷ್ಟಾಗಿ ಬಾರದು. ಒಂಬತ್ತು ವರ್ಷದ ಮೊಮ್ಮಗಳೇ ಎಲ್ಲವನ್ನೂ ಹೇಳುತ್ತಾಳೆ. ಔಷಧದ ವಿಷಯವನ್ನು ಅವಳಿಂದಲೇ ಹೇಳಿಸಲೇ?

ಉತ್ತರ: ಬೇಡ. “ತಿಂಡಿ ತಿಂದನೇ” ಎಂದು ಕೇಳುವುದಕ್ಕೆ ಅವಳು ಸಾಕು. ಔಷಧದ ಅಳತೆಗೆ, ಒಪ್ಪಿಗೆ ಪತ್ರಕ್ಕೆ ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆ. ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದಿದ್ದರೆ ಬೇರೆ ವಾರ್ಡಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕು.

“ಗೊತ್ತಾಯಿತೇ?” ಎಂದು ಮಾತ್ರ ಕೇಳಬೇಡ. ನಮ್ಮ ಜನ ಬಿಳಿ ಬಟ್ಟೆ ಕಂಡರೆ ಎಲ್ಲಕ್ಕೂ ಹೂಂ ಎನ್ನುತ್ತಾರೆ. ಅಜ್ಜಿಯ ಕೈಗೇ ಬಾಟಲಿ ಕೊಟ್ಟು, ಎಷ್ಟು ಕೊಡುತ್ತೀರಿ ಎಂದು ಹಾಕಿಸಿ ನೋಡು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಅಥವಾ 250. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಏನಾದೀತು, ಲೆಕ್ಕ ಹಾಕು. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆ ಕಪ್ಪಿಗೆ ಪೆನ್ನಿನಿಂದ ಗೆರೆ ಎಳೆದು ಕೊಡು.

ಪ್ರಶ್ನೆ ಕೇಳಿದವಳು, ಎರಡು ದಿನದ ನಂತರ: ಅಜ್ಜಿಯಿಂದ ಹಾಕಿಸಿ ನೋಡಿದೆ. ಗೆರೆ ದಾಟಿ ಕಪ್ಪಿನ ಕಂಠದವರೆಗೆ ತುಂಬಿಸಿದರು! ಮೂರನೆಯ ಸಲಕ್ಕೆ ಸರಿಹೋಯಿತು. ಕೈ ಮುರಿದ ಹುಡುಗ ಇವತ್ತು ಎರಡನೆಯ ಮುಖ ತೋರಿಸಿದ. ನಾನು “ಬ್ಯಾನಿ” ಎಂದರೆ ನಕ್ಕು, “ಬೇನೆ” ಎಂದು ತಿದ್ದುತ್ತಾನೆ.