ವೇಗ ಏರಿಸಿದರೆ ಎಂಜಿನ್ ಕಾಯುತ್ತದೆ, ಇಳಿಸಿದರೆ ತಣ್ಣಗಾಗುತ್ತದೆ: ಹಳೆಯ ಹಾಯಿ ಯಾಟ್, ನಾರಾಯಣಪುರ ಹಿನ್ನೀರು (ಪರಿಹಾರ ಸಿಕ್ಕಿದೆ)

ಕಲಬುರಗಿ_ಲಂಗರು · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನದು 26 ಅಡಿಯ ಹಳೆಯ ಫೈಬರ್ ಯಾಟ್. ಮೂರು ವರ್ಷದ ಹಿಂದೆ ಕಾರವಾರದಿಂದ ಟ್ರೇಲರ್ ಮೇಲೆ ತಂದು ಬಸವಸಾಗರದ (ನಾರಾಯಣಪುರ ಜಲಾಶಯದ) ಹಿನ್ನೀರಿಗೆ ಇಳಿಸಿದೆ. ಅದಕ್ಕೆ ನನ್ನ ಹಿರಿಯ ಮಗಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು, ಖರ್ಚಿನಲ್ಲಿಯೂ ಅವಳಿಗಿಂತ ಮುಂದೆ. ತಳದಲ್ಲಿ ಎರಡು ಕೀಲ್ (ಕೆಳಗೆ ಚಾಚಿದ ರೆಕ್ಕೆಯಂಥ ಭಾಗ) ಇರುವುದರಿಂದ ಬೇಸಿಗೆಯಲ್ಲಿ ನೀರು ಹಿಂದೆ ಸರಿದರೂ ಪಕ್ಕಕ್ಕೆ ಉರುಳದೆ, ಕೆಸರಿನಲ್ಲಿ ಎಮ್ಮೆ ನಿಂತಂತೆ ನಿಲ್ಲುತ್ತದೆ. ಅದನ್ನು ನೋಡಿಯೇ ಕೊಂಡದ್ದು. (ಅನುಮತಿ, ನೋಂದಣಿ ಎಲ್ಲ ಆಗಿದೆ. ಆ ರಾಮಾಯಣ ಇಲ್ಲಿ ಬೇಡ.)

ಎಂಜಿನ್ 18 ಅಶ್ವಶಕ್ತಿಯ ಎರಡು ಸಿಲಿಂಡರ್ ಡೀಸೆಲ್. ಒಳಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ತಿರುಗುತ್ತದೆ. ಅದನ್ನು ತಣಿಸಲು ಒಂದು ಪಂಪು ಹೊರಗಿನ ನೀರನ್ನು ಎಳೆದು ಹೀಟ್ ಎಕ್ಸ್‌ಚೇಂಜರ್ ಮೂಲಕ ಹಾಯಿಸಿ, ಹೊಗೆಯ ಜೊತೆಗೆ ಹಿಂದಿನಿಂದ ಹೊರಗೆ ಚೆಲ್ಲುತ್ತದೆ.

ಈ ಬೇಸಿಗೆಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ದೋಣಿ ನೆಲದ ಮೇಲೆಯೇ ಇತ್ತು. ಮಳೆಗಾಲದ ನೀರು ಬಂದು ತೇಲಿದ ಮೇಲೆ ಮೊದಲ ಸಲ ಹೊರಟಾಗಲೇ ತೊಂದರೆ ಶುರುವಾಯಿತು. ನಿಧಾನವಾಗಿ ಹೋದರೆ ತಾಸುಗಟ್ಟಲೆ ಏನೂ ಆಗುವುದಿಲ್ಲ. ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದರೆ ಹದಿನೈದು ನಿಮಿಷದಲ್ಲಿ ಮುಳ್ಳು ಕೆಂಪಿಗೆ ಹೋಗಿ ಬಜರ್ ಕಿರುಚುತ್ತದೆ. ವೇಗ ಇಳಿಸಿದರೆ ಐದು ನಿಮಿಷದಲ್ಲಿ ತಾನೇ ತಣ್ಣಗಾಗುತ್ತದೆ.

ಈವರೆಗೆ ಮಾಡಿದ್ದು: ಪಂಪಿನೊಳಗೆ ತಿರುಗಿ ನೀರು ದೂಡುವ ಎಸಳುಗಳ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಹೊಸದು ಹಾಕಿದೆ. ಪಂಪಿಗೆ ಹೋಗುವ ನೀರನ್ನು ಸೋಸುವ ಸ್ಟ್ರೇನರ್ ಡಬ್ಬಿಯ ಜಾಲರಿ ತೊಳೆದೆ. ಕೂಲಂಟ್ ತುಂಬಿದೆ, ಬೆಲ್ಟ್ ಬಿಗಿಯಾಗಿದೆ. ಕೂಲಂಟ್ ಕಾದಾಗ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ತಂದು ಅಡುಗೆಮನೆಯಲ್ಲಿ ನೀರು ಕಾಯಿಸಿ ನೋಡಿದೆ. ಮೇಲೆ 71 ಎಂದು ಕೆತ್ತಿದೆ, ಹೆಚ್ಚುಕಡಿಮೆ ಅಷ್ಟಕ್ಕೇ ಬಾಯಿ ತೆರೆಯಿತು. (ಹಾಲಿನ ಪಾತ್ರೆ ಬಳಸಿದ್ದಕ್ಕೆ ಮನೆಯಲ್ಲಿ ಇನ್ನೂ ಮಾತಿಲ್ಲ.) ಕಲಬುರಗಿಯಿಂದ ಜೇವರ್ಗಿ, ಶಹಾಪುರ, ಸುರಪುರ, ಹುಣಸಗಿ ದಾಟಿ ಅಲ್ಲಿಗೆ ಮುಟ್ಟುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ಮುಂದಿನ ವಾರ ಹೋಗುವಾಗ ಏನು ಒಯ್ಯಬೇಕು, ಏನು ನೋಡಬೇಕು ಎಂದು ಗೊತ್ತಿದ್ದವರು ಹೇಳಿ.

ತೊಗರಿ_ರಾಶಿ · ಭಾನುವಾರ, ರಾತ್ರಿ 10.15

ಕಾಕಾ, ನಾನು ಹುಣಸಗಿ ಕಡೆಯವನು. ದೋಣಿಯ ವಿಷಯ ನನಗೆ ಅಷ್ಟಾಗಿ ತಿಳಿಯದು, ನಮ್ಮ ಎರೆಮಣ್ಣಿನ ವಿಷಯ ತಿಳಿದಿದೆ. ಮೂರು ತಿಂಗಳು ನೆಲಕ್ಕೆ ಕುಳಿತ ದೋಣಿ ಎಂದ ಮೇಲೆ ನೀರೆಳೆಯುವ ತಳದ ತೂತಿನಲ್ಲಿ ಮಣ್ಣು ಮೆತ್ತಿ ಕಲ್ಲಾಗಿರುತ್ತದೆ. ಮೇಲಾಗಿ ಈಗ ಶ್ರಾವಣದ ಕೆಂಪು ನೀರು, ದಂಡೆಯ ತುಂಬ ಅಂತರಗಂಗೆ. ಮೊದಲು ಅಲ್ಲಿ ನೋಡಿ.

ಕಲಬುರಗಿ_ಲಂಗರು · ಭಾನುವಾರ, ರಾತ್ರಿ 10.32

ನೋಡಿದೆ ತಮ್ಮಾ. ಪೈಪು ಬಿಚ್ಚಿ, ತಳದ ವಾಲ್ವ್ ತೆರೆದು ಬೇವಿನ ಕಡ್ಡಿ ಹಾಕಿ ತಿವಿದೆ. ಹಿಡಿಯಷ್ಟು ಮಣ್ಣು ಬಂತು, ಹಿಂದೆಯೇ ನೀರು ಚಿಲುಮೆಯಂತೆ ಮುಖಕ್ಕೆ ಹಾರಿತು. ಆ ದಾರಿ ಈಗ ಸ್ವಚ್ಛ. ಆದರೂ ಕಾಯುತ್ತದೆ.

ಕಾರವಾರ_ಗ್ರೀಸ್ · ಸೋಮವಾರ, ಬೆಳಿಗ್ಗೆ 6.50

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಸರ್. ಭಾಗ ಬದಲಿಸುತ್ತಾ ಹೋಗಬೇಡಿ, ಮೊದಲು ಅಳೆಯಿರಿ. ನನಗೆ ಬೇಕಾದ ಉತ್ತರಗಳು ಇಷ್ಟು.

ಹೊಗೆಯ ಜೊತೆ ನೀರು ಬೀಳುವಲ್ಲಿ ಬಕೆಟ್ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ನೋಡಿ. ಒಮ್ಮೆ ಸುಮ್ಮನೆ ಓಡುವಾಗ, ಒಮ್ಮೆ 2,500ರಲ್ಲಿ. ಈ ಜಾತಿಯ ಪಂಪು ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಒಂದೇ ಅಳತೆಯ ನೀರನ್ನು ದೂಡುತ್ತದೆ. ಸುತ್ತು ಮೂರು ಪಟ್ಟಾದರೆ ನೀರೂ ಮೂರು ಪಟ್ಟಿನ ಹತ್ತಿರ ಬರಬೇಕು. ನೀರು ಒಂದೇ ಸಮನೆ ಬೀಳುತ್ತದೆಯೋ, ಕೆಮ್ಮಿದಂತೆ ಬಿಟ್ಟು ಬಿಟ್ಟು ಬೀಳುತ್ತದೆಯೋ ಎಂಬುದನ್ನೂ ಗಮನಿಸಿ.

ಹಳೆಯ ಇಂಪೆಲ್ಲರ್ ಎಲ್ಲಿ? ಎಸಳುಗಳನ್ನು ಎಣಿಸಿದಿರಾ?

ಸ್ಟ್ರೇನರ್ ಡಬ್ಬಿಯ ಮುಚ್ಚಳ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ?

ಇನ್ನೊಂದು ಮಾತು. ತಪಾಸಣೆಯ ನಡುವೆ ಎಂಜಿನ್ ಹತ್ತದಿದ್ದರೆ ತಳದ ವಾಲ್ವ್ ತೆರೆದಿಟ್ಟು ಸ್ಟಾರ್ಟರ್ ಒತ್ತುತ್ತಲೇ ಇರಬೇಡಿ. ಪಂಪು ನೀರು ತುಂಬುತ್ತಲೇ ಇರುತ್ತದೆ, ಅದನ್ನು ಹೊರಗೆ ಊದಲು ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಹಿಂದಿರುಗುತ್ತದೆ. ಆಮೇಲೆ ನೀವು ಕೇಳುವ ಪ್ರಶ್ನೆಯೇ ಬೇರೆಯಾಗಿರುತ್ತದೆ.

ಕಾರಂಜಾ_ತೆಪ್ಪ · ಸೋಮವಾರ, ಮಧ್ಯಾಹ್ನ 1.20

ಬೀದರ್‌ನಿಂದ. ವಿಷಯಾಂತರಕ್ಕೆ ಕ್ಷಮಿಸಿ, ಕಾರವಾರದವರು ಸಿಕ್ಕಿರುವಾಗಲೇ ಕೇಳಿಬಿಡುತ್ತೇನೆ. ಸಮುದ್ರದಿಂದ ತಂದ ದೋಣಿಯ ತಳಕ್ಕೆ ಕಚ್ಚಿಸಿರುವ ಸತುವಿನ ತುಂಡು ಇಲ್ಲಿ ಎರಡು ವರ್ಷವಾದರೂ ಸವೆದೇ ಇಲ್ಲ. ಒಳ್ಳೆಯ ಲಕ್ಷಣವೇ?

ಕಾರವಾರ_ಗ್ರೀಸ್ · ಸೋಮವಾರ, ಮಧ್ಯಾಹ್ನ 1.45

ಅಲ್ಲ. ಅದು ಸವೆಯಲೆಂದೇ ಇರುವುದು. ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಆಗ ಸವೆಯುವ ಸರದಿ ನಿಮ್ಮ ಪ್ರೊಪೆಲ್ಲರ್, ಶಾಫ್ಟುಗಳದು. ಸಿಹಿನೀರಿಗೆ ಮೆಗ್ನೀಸಿಯಂ ತುಂಡು ಹಾಕಿ. ಕಲಬುರಗಿಯವರೂ ನೋಡಿಕೊಳ್ಳಿ. ಹಾಗೆಯೇ ಫೈಬರ್ ತಳದಲ್ಲಿ ಗುಳ್ಳೆ ಎದ್ದಿವೆಯೇ ಎಂದೂ ಬೇಸಿಗೆಯಲ್ಲಿ ಕೈಯಾಡಿಸಿ ನೋಡಿ. ಆ ರೋಗ ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಬೇಗ ಹಿಡಿಯುತ್ತದೆ.

ಕಲಬುರಗಿ_ಲಂಗರು · ಶನಿವಾರ, ಸಂಜೆ 5.10

ದೋಣಿಯಿಂದಲೇ ಬರೆಯುತ್ತಿದ್ದೇನೆ. ಮೇಲಿನಿಂದ ಆಲಮಟ್ಟಿಯ ನೀರು ಬರುತ್ತಿದೆ. ಅದಕ್ಕೇ ನಡುಹೊಳೆಗೆ ಹೋಗದೆ ಕಟ್ಟಿದಲ್ಲೇ ಓಡಿಸಿ ನೋಡಿದೆ.

ಬಕೆಟ್ ಲೆಕ್ಕ: ಸುಮ್ಮನೆ ಓಡುವಾಗ ನಿಮಿಷಕ್ಕೆ ಐದು ಲೀಟರ್, ಒಂದೇ ಸಮನೆ. 2,500ರಲ್ಲಿ ಹದಿನೈದು ಬರಬೇಕಿತ್ತು, ಏಳು ಬಂತು. ಅದೂ ದಮ್ಮಿನ ರೋಗಿಯ ಹಾಗೆ ಕೆಮ್ಮಿ ಕೆಮ್ಮಿ.

ಹಳೆಯ ಇಂಪೆಲ್ಲರ್ ಸಾಮಾನಿನ ಡಬ್ಬಿಯಲ್ಲೇ ಸಿಕ್ಕಿತು. ಆರು ಎಸಳು ಇರಬೇಕಾದಲ್ಲಿ ನಾಲ್ಕಿವೆ. ಉಳಿದ ನಾಲ್ಕೂ ಬೇಸಿಗೆಯಿಡೀ ಒಂದೇ ಭಂಗಿಯಲ್ಲಿ ಒಣಗಿ, ಒಂದೇ ಕಡೆಗೆ ಬಾಗಿ ಸೆಟೆದಿವೆ. ಬದಲಿಸುವಾಗ ಎಣಿಸಲಿಲ್ಲ, ನನ್ನದೇ ತಪ್ಪು.

ಸ್ಟ್ರೇನರ್ ಮುಚ್ಚಳ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿದೆ. ಅಲ್ಲಿ ಒಂದು ಹನಿಯೂ ಸೋರುತ್ತಿಲ್ಲ, ಹೀಗಾಗಿ ಅದರ ಮೇಲೆ ಅನುಮಾನವಿಲ್ಲ.

ಕಾರವಾರ_ಗ್ರೀಸ್ · ಶನಿವಾರ, ಸಂಜೆ 5.35

ಹನಿ ಸೋರದಿರುವುದಕ್ಕೇ ಅನುಮಾನ ಪಡಬೇಕು ಸರ್. ನೀರಿನ ಮಟ್ಟಕ್ಕಿಂತ ಮೇಲಿರುವ ಎಳೆಯುವ ಕಡೆಯ ಬಿರುಕು ನೀರನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಒಳಗೆ ಎಳೆಯುತ್ತದೆ. ನಿಧಾನ ಓಡುವಾಗ ಎಳೆತ ಕಡಿಮೆ, ಆಗ ಬಿರುಕು ಸುಮ್ಮನಿರುತ್ತದೆ. ವೇಗ ಏರಿದಾಗ ಪಂಪಿಗೆ ನೀರಿಗಿಂತ ಗಾಳಿ ಸಲೀಸಾಗಿ ಸಿಗುತ್ತದೆ. ಬರೀ ಅಡ್ಡಿಯಿದ್ದರೆ ನೀರು ಕಡಿಮೆ ಬಂದರೂ ಸಮನಾಗಿ ಬರುತ್ತಿತ್ತು. ಕೆಮ್ಮು ಎಂದರೆ ಗಾಳಿ.

ಹಾಗೆಂದು ಕಳೆದುಹೋದ ಎರಡು ಎಸಳುಗಳನ್ನು ಮರೆಯಬೇಡಿ. ಅವು ಆವಿಯಾಗಿ ಹೋಗಿಲ್ಲ. ಹೀಟ್ ಎಕ್ಸ್‌ಚೇಂಜರ್‌ಗೆ ನೀರು ಹೊಗುವ ಕಡೆಯ ಮುಚ್ಚಳದೊಳಗೆ ನೋಡಿ. ಅಲ್ಲಿಲ್ಲದಿದ್ದರೆ ನೀರು ಹೊಗೆಗೆ ಸೇರುವ ಬಾಗಿದ ಪೈಪಿನಲ್ಲಿ, ಅಂದರೆ ಎಲ್ಬೋದಲ್ಲಿ.

ತೊಗರಿ_ರಾಶಿ · ಶನಿವಾರ, ಸಂಜೆ 5.50

ಕಾಕಾ, ಇದು ಗಾಳಿ ಹಿಡಿಯುವ ರೋಗವಾದರೆ ನಮಗೆ ಗೊತ್ತಿರುವುದೇ! ಹೊಳೆಯಿಂದ ಹೊಲಕ್ಕೆ ನೀರೆತ್ತುವ ಪಂಪ್‌ಸೆಟ್‌ಗಳಲ್ಲಿ ವರ್ಷಾ ಇದೇ ಗೋಳು. ಪಂಪು ತಿರುಗುತ್ತದೆ, ನೀರು ಮಾತ್ರ ಬುಸುಗುಟ್ಟುತ್ತದೆ. ನಾವು ಮಾಡುವುದು ಇಷ್ಟು: ದಂಡೆಯ ಜಿಗುಟು ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಎಳೆಯುವ ಪೈಪಿನ ಜೋಡಣೆಗಳಿಗೆ ಒಂದೊಂದಾಗಿ ಮೆತ್ತುತ್ತಾ ಬರುತ್ತೇವೆ. ಯಾವುದಕ್ಕೆ ಮೆತ್ತಿದಾಗ ನೀರು ಸರಿಯಾಯಿತೋ ಅದೇ ಕಳ್ಳ. ಎಂಜಿನ್ ಓಡುತ್ತಿರುವಾಗಲೇ ಮೆತ್ತಬೇಕು. ಬೆಲ್ಟಿನ ಹತ್ತಿರ ಕೈ ಒಯ್ಯಬೇಡಿ.

ಕಾರವಾರ_ಗ್ರೀಸ್ · ಶನಿವಾರ, ಸಂಜೆ 6.05

ನಾವು ಗ್ರೀಸ್ ಮೆತ್ತುತ್ತೇವೆ, ಅವರು ಮಣ್ಣು. ವಿದ್ಯೆ ಒಂದೇ. ಮಾಡಿ ನೋಡಿ.

ಕಲಬುರಗಿ_ಲಂಗರು · ಭಾನುವಾರ, ರಾತ್ರಿ 8.30

ಕಳ್ಳ ಸಿಕ್ಕಿಬಿದ್ದ. ಪೂರ್ತಿ ಬರೆಯುತ್ತೇನೆ, ನಾಳೆ ಇನ್ನೊಬ್ಬರಿಗೆ ಬೇಕಾಗಬಹುದು.

ಬೆಳಿಗ್ಗೆ ದಂಡೆಯಿಂದ ಒಂದು ಬುಟ್ಟಿ ಮಣ್ಣು ತಂದು ಕಲಸಿದೆ. ಮೀನು ಹಿಡಿಯುವ ಹುಡುಗನೊಬ್ಬನನ್ನು ಹಿಂದೆ ಬಕೆಟ್ ಹಿಡಿಯಲು ಕೂರಿಸಿದೆ. ತಳದ ವಾಲ್ವಿನ ಜೋಡಣೆಗೆ ಮೆತ್ತಿದೆ, ಕೆಮ್ಮು ನಿಲ್ಲಲಿಲ್ಲ. ಪೈಪಿನ ಕ್ಲಿಪ್ಪುಗಳಿಗೆ ಮೆತ್ತಿದೆ, ನಿಲ್ಲಲಿಲ್ಲ. ಸ್ಟ್ರೇನರ್ ಮುಚ್ಚಳದ ಸುತ್ತ ಅರ್ಧ ಮೆತ್ತುವಷ್ಟರಲ್ಲಿ ಹಸಿ ಮಣ್ಣು ಒಂದು ಕಡೆ ಚಿಕ್ಕ ಕುಳಿಯಾಗಿ ಒಳಗೆ ಜಗ್ಗಿತು. ಬೆರಳಿನಿಂದ ಒತ್ತಿ ಮುಚ್ಚಿದೆ. ಹಿಂದಿನಿಂದ ಹುಡುಗ "ಬಂತು, ಬಂತು" ಎಂದು ಕೂಗಿದ. ಕೆಮ್ಮು ನಿಂತು ನೀರು ಧೋ ಎಂದು ಬೀಳುತ್ತಿತ್ತು.

ಎಂಜಿನ್ ನಿಲ್ಲಿಸಿ ಮುಚ್ಚಳ ತೆರೆದೆ. ಒಳಗಿನ ರಬ್ಬರ್ ಉಂಗುರ ಮೇಲ್ನೋಟಕ್ಕೆ ಚೆನ್ನಾಗಿತ್ತು. ಅದಕ್ಕೇ ಜಾಲರಿ ತೊಳೆದಾಗ ಕಣ್ಣಿಗೆ ಬೀಳಲಿಲ್ಲ. ಹೊರಗೆ ತೆಗೆದು ಬೆರಳುಗಳ ನಡುವೆ ಬಾಗಿಸಿದರೆ ಹೊರಬದಿಯಲ್ಲಿ ಕೂದಲೆಳೆಯಂಥ ಸೀಳುಗಳು ಸಾಲಾಗಿ ಬಾಯಿ ಬಿಟ್ಟವು. ದುಂಡಗಿರಬೇಕಾದ ಅದರ ಮೈ ಚಪ್ಪಟೆಯಾಗಿತ್ತು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದರೆ ಮುಚ್ಚಿದ ಕ್ಯಾಬಿನ್ನಿನೊಳಗೆ ಎಷ್ಟಿರಬೇಕು? ಮೂರು ತಿಂಗಳು ಬಿಗಿದ ಮುಚ್ಚಳದಡಿ ಒಣಗಿ ಬೆಂದಿದೆ.

ಇಂಪೆಲ್ಲರ್ ಎಸಳುಗಳಲ್ಲಿ ಒಂದು ಹೀಟ್ ಎಕ್ಸ್‌ಚೇಂಜರ್ ಮುಚ್ಚಳದೊಳಗೆ ಕೊಳವೆಗಳ ಬಾಯಿಗೆ ಅಡ್ಡ ಅಂಟಿಕೊಂಡಿತ್ತು. ಇನ್ನೊಂದನ್ನು ಎಲ್ಬೋ ಬಿಚ್ಚಿ ಮಸಿಯೊಳಗಿಂದ ತಂತಿಯಲ್ಲಿ ಎಳೆದು ತೆಗೆದೆ. ಎರಡನ್ನೂ ಹಳೆಯ ಇಂಪೆಲ್ಲರ್‌ಗೆ ಜೋಡಿಸಿ ನೋಡಿದೆ, ಸರಿಯಾಗಿ ಕೂತವು. ಲೆಕ್ಕ ಮುಗಿಯಿತು.

ಸದ್ಯಕ್ಕೆ ಹಳೆಯ ಉಂಗುರಕ್ಕೇ ದಪ್ಪಗೆ ಗ್ರೀಸ್ ಬಳಿದು ಓಡಿಸಿದೆ: 2,500ರಲ್ಲಿ ನಿಮಿಷಕ್ಕೆ ಹದಿನಾಲ್ಕೂವರೆ ಲೀಟರ್. ದಂಡೆಗುಂಟ ಐವತ್ತು ನಿಮಿಷ ಹೋದೆ. ಮುಳ್ಳು 78 ಡಿಗ್ರಿ ಬಿಟ್ಟು ಅಲುಗಲಿಲ್ಲ.

ತೊಗರಿ_ರಾಶಿ ತಮ್ಮಾ, ದೋಣಿಯ ವಿಷಯ ತಿಳಿಯದು ಎಂದಿದ್ದೆಯಲ್ಲ? ಬಂದಾಗ ಹೇಳು, ಛಾಯಾ ಭಗವತಿ ಗುಡಿಯ ದಾರಿಯಲ್ಲಿ ಚಹಾ ನನ್ನದು.

ಕಾರವಾರ_ಗ್ರೀಸ್ · ಭಾನುವಾರ, ರಾತ್ರಿ 9.00

ಸಂತೋಷ. ನಮ್ಮಲ್ಲಿ ದೋಣಿಗಳು ಉಪ್ಪಿನಿಂದ ಹಾಳಾಗುತ್ತವೆ, ನಿಮ್ಮಲ್ಲಿ ಒಣಗಿ ಹಾಳಾಗುತ್ತವೆ. ಮುಂದಿನ ಬೇಸಿಗೆಗೆ ನೀರು ಬಿಟ್ಟುಹೋಗುವ ಮೊದಲೇ ಇಂಪೆಲ್ಲರ್ ಹೊರಗೆ ತೆಗೆದು ಮನೆಗೆ ಒಯ್ಯಿರಿ. ಅದಿಲ್ಲವೆಂಬುದು ಮರೆತು ಎಂಜಿನ್ ಓಡಿಸದಂತೆ ಎಂಜಿನ್ ಕೀಲಿಯನ್ನು ಅದಕ್ಕೇ ಕಟ್ಟಿಡಿ. ಸ್ಟ್ರೇನರ್ ಮುಚ್ಚಳವನ್ನು ಸಡಿಲ ಬಿಡಿ. ತಳದ ತೂತಿಗೆ ಹೊರಗಿನಿಂದ ಬಟ್ಟೆ ತುರುಕಿ, ಅದರ ಇನ್ನೊಂದು ತುದಿಯನ್ನು ಕಣ್ಣಿಗೆ ಕಾಣುವಂತೆ ನೇತುಬಿಡಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗವಿದ್ದರೆ ಒಳಗೆ ನೀರಿನ ಪಸೆ ಕೂರುತ್ತದೆ. ಇಂಪೆಲ್ಲರ್ ಮತ್ತೆ ಹಾಕುವಾಗ ಗ್ಲಿಸರಿನ್ ಇಲ್ಲವೇ ಪಾತ್ರೆ ತೊಳೆಯುವ ಸಾಬೂನಿನ ನೀರು ಸವರಿ, ಸಾಮಾನ್ಯ ಗ್ರೀಸ್ ಬೇಡ.

ಕಾರಂಜಾ_ತೆಪ್ಪ · ಸೋಮವಾರ, ಬೆಳಿಗ್ಗೆ 8.15

ಹೊಸ ಉಂಗುರ ಎಲ್ಲಿ ಸಿಕ್ಕಿತು ಹೇಳಿ. ಬೀದರ್‌ನಲ್ಲಿ ದೋಣಿ ಎಂಬ ಪದ ಕೇಳಿದರೆ ಅಂಗಡಿಯವರು ನಗುತ್ತಾರೆ.

ಕಲಬುರಗಿ_ಲಂಗರು · ಸೋಮವಾರ, ಸಂಜೆ 7.20

ದೋಣಿ ಎನ್ನಲೇಬೇಡಿ. ಹುಮನಾಬಾದ್ ರಸ್ತೆಯ ಕಡೆ ಜೆಸಿಬಿ ಹೈಡ್ರಾಲಿಕ್ ದುರಸ್ತಿಯ ಅಂಗಡಿಗೆ ಹೋದೆ. ಅಳತೆ ಕೇಳಿದರೆ ನನಗೂ ಗೊತ್ತಿರಲಿಲ್ಲ. ಮುಚ್ಚಳವನ್ನೇ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅವನು ಹಲಗೆಗೆ ನೇತುಹಾಕಿದ್ದ ಉಂಗುರಗಳಲ್ಲಿ ನಾಲ್ಕನ್ನು ಹಾಕಿ ನೋಡಿ ಐದನೆಯದನ್ನು ಕೊಟ್ಟ. ಮೂರು ತೆಗೆದುಕೊಂಡೆ, ಒಂದು ನಿಮಗೆ ಬೇಕಾದರೆ ಕಳಿಸುತ್ತೇನೆ. ಆದರೆ ನಿಮ್ಮ ಮುಚ್ಚಳಕ್ಕೆ ಹೊಂದುತ್ತದೆಯೋ ಇಲ್ಲವೋ, ಆದ್ದರಿಂದ ನೀವೂ ಮುಚ್ಚಳವನ್ನೇ ಒಯ್ಯಿರಿ.