ಸಹಾಯ ಬೇಕು: ಮೂರು ಕಂಪ್ಯೂಟರ್‌ಗಳಿಗೆ ಸರ್ವರ್ ಹೆಸರು ಸಿಗುತ್ತಿಲ್ಲ

ನಮಸ್ಕಾರ. ನಮ್ಮ ಸಣ್ಣ ಆಫೀಸಿನಲ್ಲಿ 12 ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್ ಇದೆ. ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ, ಅಂದರೆ ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸ, ಹುಡುಕಿಕೊಡುವ ಸೇವೆ), ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಐಪಿ, ಡಿಎನ್‌ಎಸ್ ವಿಳಾಸ ತಾನಾಗಿ ಕೊಡುವ ಸೇವೆ) ಎರಡೂ ಅದರಲ್ಲೇ, ಅದರ ಐಪಿ 192.168.1.10. ಸೋಮವಾರದಿಂದ ಮೂರು ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಆದರೆ ಸರ್ವರ್ ಹೆಸರು ಟೈಪ್ ಮಾಡಿದರೆ ಫೋಲ್ಡರ್ ತೆರೆಯುವುದಿಲ್ಲ. ಐಪಿ ಹಾಕಿದರೆ ತಕ್ಷಣ ತೆರೆಯುತ್ತದೆ.

ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಕೊಟ್ಟು ನೋಡಿದೆ. ಆ ಮೂರರಲ್ಲೂ ಡಿಎಚ್‌ಸಿಪಿ ಸರ್ವರ್, ಡಿಎನ್‌ಎಸ್ ಎರಡೂ 192.168.1.1 ಅಂತ ಇದೆ. ಅದು ರೂಟರ್! ಅದರಲ್ಲಿ ಡಿಎಚ್‌ಸಿಪಿ ನಾನೇ ಆಫ್ ಮಾಡಿದ್ದೆ. ಹೋದ ವಾರ ರೀಸೆಟ್ ಮಾಡಿದಾಗ ಮತ್ತೆ ಆನ್ ಆಗಿರಬೇಕು, ಅಲ್ವಾ?

ರೂಟರ್ ಪಾಸ್‌ವರ್ಡ್ ಸಿಗಲು ಎರಡು ದಿನ ಬೇಕು. ಅಲ್ಲಿಯವರೆಗೆ ಈ ಮೂರಕ್ಕೆ ಡಿಎನ್‌ಎಸ್ ಮಾತ್ರ ಕೈಯಾರೆ ಹಾಕಿದರೆ ಸಾಕಾ? ಎರಡನೇ ಡಿಎನ್‌ಎಸ್ ಆಗಿ ಗೂಗಲ್‌ನ 8.8.8.8 ಹಾಕು ಅಂತ ಒಬ್ಬರು ಹೇಳಿದರು. ಹೊರಗಿನ ಡಿಎನ್‌ಎಸ್‌ಗೆ ನಮ್ಮ ಸರ್ವರ್ ಹೆಸರೇ ಗೊತ್ತಿರುವುದಿಲ್ಲ, ಹಾಗಾಗಿ ನನಗೆ ಭಯ. ಸರ್ವರ್, ರೂಟರ್ ಎರಡೂ ಕಡೆಯಿಂದ ಒಂದೇ ಐಪಿ ಎರಡು ಕಂಪ್ಯೂಟರ್‌ಗಳಿಗೆ ಹೋಗಿದ್ದರೆ ಹೇಗೆ ಹುಡುಕುವುದು? ಗೊತ್ತಿದ್ದವರು ದಯವಿಟ್ಟು ಹೇಳಿ, ಕೆಲಸ ನಿಂತಿದೆ.