ದೊಡ್ಡಪ್ಪನ ಜೆನಿಟ್ ಕ್ಯಾಮೆರಾ ಸಿಕ್ಕಿದೆ, ಲೆನ್ಸಿಗೆ ಬೂಷ್ಟು ಹಿಡಿದಿದೆ. ರೀಲು ಹಾಕಬಹುದಾ?

ಮೂಡಿಗೆರೆ_ಮಳೆ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಮೂಡಿಗೆರೆ ಹತ್ತಿರ, ಕೆಲಸ ಚಿಕ್ಕಮಗಳೂರಿನಲ್ಲಿ. ಕಾಫಿ ಕೊಯ್ಲು ಶುರುವಾಗುವ ಮೊದಲು ಹಳೇ ಮನೆಯ ಅಟ್ಟ ಗುಡಿಸಲು ಹೋಗಿದ್ದೆ. ಅಲ್ಲಿ ದೊಡ್ಡಪ್ಪನ ಕ್ಯಾಮೆರಾ ಸಿಕ್ಕಿತು, ಚರ್ಮದ ಕೇಸಿನ ಸಮೇತ. ಜೆನಿಟ್-ಇ. ಲೆನ್ಸಿನ ಮೇಲೆ ಹೆಲಿಯೋಸ್-44-2 ಅಂತ ಇದೆ. ನಂಬರ್ 77ರಿಂದ ಶುರುವಾಗುತ್ತದೆ.

ಕೀ ಕೊಟ್ಟರೆ ತಿರುಗುತ್ತದೆ. ಬಟನ್ ಒತ್ತಿದರೆ ಟಪ್ ಅಂತ ಗಟ್ಟಿ ಸದ್ದು. ಬೆಳಕು ಅಳೆಯುವ ಮೀಟರಿನ ಮುಳ್ಳು ಬಿಸಿಲಿಗೆ ಹಿಡಿದರೆ ಸ್ವಲ್ಪ ಅಲ್ಲಾಡುತ್ತದೆ. ಆದರೆ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ, ಅಂಚಿನ ಕಡೆ, ಜೇಡರ ಬಲೆಯಂಥ ಬಿಳಿ ಎಳೆಗಳಿವೆ. ಬೂಷ್ಟು ಇರಬೇಕು ಅನ್ನಿಸುತ್ತದೆ.

ಇನ್ನೊಂದು ವಿಷಯ. ಕೇಸಿನ ಒಳಗೆ ನಾಲ್ಕು ಮಡಿಕೆ ಮಾಡಿದ ಚೀಟಿ ಇತ್ತು, ದೊಡ್ಡಪ್ಪನ ಅಕ್ಷರ. ಮೇಲೆ 125 ಅಂತ ಬರೆದು ಕೆಳಗೆ ಹೀಗಿದೆ: ಬಿಸಿಲು 16, ತೆಳು ಮೋಡ 11, ಮೋಡ 8, ಮಳೆ ಮೋಡ 5.6, ತೋಟದ ಒಳಗೆ 2.8. ಇದು ಏನು ಲೆಕ್ಕ? ಈಗಲೂ ಉಪಯೋಗಕ್ಕೆ ಬರುತ್ತದಾ?

ಒಬ್ಬ ಸ್ನೇಹಿತ ಬಾಡಿ ಶೋಕೇಸಿನಲ್ಲಿಡು, ಲೆನ್ಸ್ ಮಾತ್ರ ಡಿಜಿಟಲ್ ಕ್ಯಾಮೆರಾಗೆ ಹಾಕಿಕೋ ಅಂದ. ನನಗೆ ಮನಸ್ಸು ಒಪ್ಪುತ್ತಿಲ್ಲ. ದೊಡ್ಡಮ್ಮನಿಗೆ ಈಗ 78 ವರ್ಷ. ಅವರನ್ನು ತೋಟದಲ್ಲಿ ನಿಲ್ಲಿಸಿ ಇದೇ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಯಬೇಕು ಅಂತ ಆಸೆ. ನಾನು ಇದುವರೆಗೆ ರೀಲಿನ ಕ್ಯಾಮೆರಾ ಮುಟ್ಟಿದವನೇ ಅಲ್ಲ. ದಯವಿಟ್ಟು ಮೊದಲಿನಿಂದ ಹೇಳಿ.

ಹಾಸನ_ಡಾರ್ಕ್‌ರೂಮ್:

ತಮ್ಮಾ, ಮೊದಲು ಆ ಚೀಟಿಯನ್ನು ಜೋಪಾನವಾಗಿಡು. ಕ್ಯಾಮೆರಾಕ್ಕಿಂತ ಅದೇ ಜಾಸ್ತಿ ಬೆಲೆಯದು. 125 ಅನ್ನುವುದು ಶಟರ್ ಸ್ಪೀಡು, ಅಂದರೆ ಸೆಕೆಂಡಿನ 125ನೇ ಒಂದು ಭಾಗ. ಕೆಳಗಿನವು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹೋಗುವ ತೂತಿನ ಅಳತೆ, ಅಂಕಿ ದೊಡ್ಡದಾದಷ್ಟು ತೂತು ಚಿಕ್ಕದು. 100 ಸ್ಪೀಡಿನ ರೀಲಿಗೆ ಇದು ಸರಿಯಾದ ಲೆಕ್ಕ (ರೀಲಿನ ಸ್ಪೀಡು ಅಂದರೆ ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ). ನಾನು 80ರ ದಶಕದಲ್ಲಿ ಸ್ಟುಡಿಯೋ ಕೆಲಸಕ್ಕೆ ಸೇರಿದಾಗ ನಮಗೂ ಇದನ್ನೇ ಬಾಯಿಪಾಠ ಮಾಡಿಸಿದ್ದರು. ಆಗ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ರೀಲು ಹಾಕುತ್ತಿದ್ದೆವು. ರೀಲಿನ ಡಬ್ಬದ ಮೇಲೂ ಬಿಸಿಲಿಗೆ ಇಷ್ಟು, ಮೋಡಕ್ಕೆ ಇಷ್ಟು ಅಂತ ಬರೆದಿರುತ್ತಾರೆ. ಆದರೆ "ತೋಟದ ಒಳಗೆ 2.8" ಅಂತ ಯಾವ ಡಬ್ಬದ ಮೇಲೂ ಇರುವುದಿಲ್ಲ. ಅದು ನಿಮ್ಮ ದೊಡ್ಡಪ್ಪ ಸಿಲ್ವರ್ ಓಕ್ ನೆರಳಿನಲ್ಲಿ ರೀಲು ಸುಟ್ಟು ಸುಟ್ಟು ತಾವೇ ಕಂಡುಕೊಂಡ ಲೆಕ್ಕ.

ಈಗ ನೀನು 400ರ ರೀಲು ಹಾಕಿದರೆ ಸುಲಭ. ಶಟರನ್ನು 500ಕ್ಕೆ ಇಡು, ಚೀಟಿ ಹಾಗೇ ನಡೆಯುತ್ತದೆ. ತೋಟದ ಒಳಗೆ ಹೋದಾಗ ಶಟರನ್ನು 125ಕ್ಕೆ ಇಳಿಸಿ ಅಪರ್ಚರ್ 5.6 ಇಡು, ಬೆಳಕು ಅಷ್ಟೇ ಬೀಳುತ್ತದೆ, ಫೋಕಸ್ ಸ್ವಲ್ಪ ಆಚೀಚೆಯಾದರೂ ದೊಡ್ಡಮ್ಮನ ಮುಖ ಚೆನ್ನಾಗಿ ಬರುತ್ತದೆ. ಮೀಟರನ್ನು ನಂಬಬೇಡ. ಅದು ಸೆಲೆನಿಯಂ, ಬ್ಯಾಟರಿ ಬೇಡ, ಬೆಳಕು ಬಿದ್ದರೆ ತಾನೇ ಕರೆಂಟ್ ಹುಟ್ಟಿಸುತ್ತದೆ, ಆದರೆ ವರ್ಷ ಕಳೆದ ಹಾಗೆ ಸೊರಗುತ್ತದೆ. ಪರೀಕ್ಷೆಗೆ ಮೊಬೈಲಿನ ಮೀಟರ್ ಆ್ಯಪ್ ಜೊತೆ ಹೋಲಿಸಿ ನೋಡು. ಕ್ಯಾಮೆರಾದ ಮೀಟರ್ ಮೇಲೆ ರೀಲಿನ ಸ್ಪೀಡಿಗೆ ಇರುವ ಗೋಸ್ಟ್ ಅಂಕಿ ಹಳೇ ಸೋವಿಯತ್ ಲೆಕ್ಕದ್ದು, ಅದನ್ನು ಬಿಡು. ಡಿನ್ (ಜರ್ಮನ್ ಲೆಕ್ಕ) ಅಂತ ಇರುವ ಕಡೆ 27 ಅಂದರೆ 400, 21 ಅಂದರೆ 100.

ಶಟರ್ ಪರೀಕ್ಷೆ ಹೀಗೆ. ಲೆನ್ಸ್ ತಿರುಗಿಸಿ ಬಿಚ್ಚು, ಹಿಂಬಾಗಿಲು ತೆಗೆ, ಬಿಳಿ ಗೋಡೆಯ ಕಡೆ ಹಿಡಿದು 500ರಲ್ಲಿ ಹತ್ತು ಸಲ ಒತ್ತು. ಚೌಕ ಪೂರ್ತಿ ಬೆಳಗಬೇಕು. ಒಂದು ಪಕ್ಕ ಕಪ್ಪಾಗಿ ಕಂಡರೆ ಶಟರಿನ ಬಟ್ಟೆಯ ಪರದೆ ಎಳೆದಾಡುತ್ತಿದೆ ಅಂತ ಅರ್ಥ, ಆಗ 125ರ ಕೆಳಗೆ ಮಾತ್ರ ಬಳಸು. ಆಮೇಲೆ ಕತ್ತಲೆ ಕೋಣೆಯಲ್ಲಿ ಪರದೆಯ ಹಿಂದೆ ಟಾರ್ಚ್ ಹಿಡಿದು ತೂತು ಇದೆಯಾ ನೋಡು.

ಕಣದ_ಮನೆ:

ನಾನು ಬಾಳೆಹೊನ್ನೂರಿನವಳು. ನನ್ನ ಹತ್ತಿರ ಒಂದು ಜೋರ್ಕಿ-4, ಒಂದು ಫೆಡ್-2, ಒಂದು ಲುಬಿಟೆಲ್ ಇವೆ, ಎಲ್ಲಾ ಸೋವಿಯತ್ ಕಾಲದ ರೀಲಿನ ಕ್ಯಾಮೆರಾಗಳು. ಮೂರನ್ನೂ ಬಳಸುತ್ತೇನೆ. ಮೇಲಿನ ಅಣ್ಣ ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ, ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಮೊದಲು ಕೀ ಕೊಡಿ, ಆಮೇಲೆ ಸ್ಪೀಡ್ ಬದಲಾಯಿಸಿ. ಜೋರ್ಕಿ, ಫೆಡ್‌ಗಳಲ್ಲಿ ಕೀ ಕೊಡದೆ ಸ್ಪೀಡ್ ತಿರುಗಿಸಿದರೆ ಒಳಗಿನ ಭಾಗ ಮುರಿಯಬಹುದು. ಜೆನಿಟ್ ಹುಟ್ಟಿದ್ದೂ ಜೋರ್ಕಿಯಿಂದಲೇ, ಅದೇ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ, ಮಾಸ್ಕೋ ಪಕ್ಕದಲ್ಲಿ. ಹಾಗಾಗಿ ಇದಕ್ಕೂ ಅದೇ ಅಭ್ಯಾಸ ಒಳ್ಳೆಯದು. ನಂಬರಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ವರ್ಷ, ಅಂದರೆ ನಿಮ್ಮದು 1977ರದ್ದು.

ನನ್ನ ತಪ್ಪೊಂದನ್ನು ಹೇಳುತ್ತೇನೆ. ಫೆಡ್ ತಂದ ಹೊಸದರಲ್ಲಿ ಕಾಫಿ ಕಣದಲ್ಲಿ ಮುಚ್ಚಳ ಹಾಕದೆ ಆಕಾಶಕ್ಕೆ ಮುಖ ಮಾಡಿ ಇಟ್ಟು ಊಟಕ್ಕೆ ಹೋದೆ. ಆ ಜಾತಿಯ ಕ್ಯಾಮೆರಾದಲ್ಲಿ ಲೆನ್ಸಿಗೂ ಪರದೆಗೂ ನಡುವೆ ಕನ್ನಡಿ ಇರುವುದಿಲ್ಲ. ಬಿಸಿಲು ಭೂತಗನ್ನಡಿಯ ಹಾಗೆ ನೇರ ಪರದೆಯ ಮೇಲೆ ಬಿದ್ದು ಸಾಸಿವೆ ಗಾತ್ರದ ತೂತು ಮಾಡಿತು. ಆ ರೀಲಿನ ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ. ಪರದೆ ಬದಲಾಯಿಸುವವರು ಸಿಗುವುದಕ್ಕೆ ಎಂಟು ತಿಂಗಳು ಹಿಡಿಯಿತು. ನಿಮ್ಮ ಜೆನಿಟ್‌ನಲ್ಲಿ ಕನ್ನಡಿ ಇದೆ, ಆ ಭಯ ಕಡಿಮೆ. ಆದರೂ ಮುಚ್ಚಳ ಹಾಕಿ.

ಫೆಡ್ ಹೆಸರಿನ ಕಥೆ ಗೊತ್ತಾ? ಉಕ್ರೇನಿನ ಹಾರ್ಕಿವ್‌ನಲ್ಲಿ ಅನಾಥ ಮಕ್ಕಳ ಒಂದು ಕಮ್ಯೂನ್ ಇತ್ತು, ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿ ಅನ್ನುವವನ ಹೆಸರಿನದು. ಆ ಹೆಸರಿನ ಮೊದಲಕ್ಷರಗಳೇ ಫೆಡ್. 1934ರಲ್ಲಿ ಆ ಮಕ್ಕಳು ಜರ್ಮನಿಯ ಲೈಕಾ ನೋಡಿ ಇದನ್ನು ಮಾಡಲು ಶುರು ಮಾಡಿದರು. ನನ್ನದು ಅದಕ್ಕಿಂತ ಎಷ್ಟೋ ವರ್ಷ ಆಚೆಯದು, ಆದರೂ ಕೀ ಕೊಡುವಾಗ ಒಮ್ಮೊಮ್ಮೆ ಆ ಮಕ್ಕಳ ಕೈ ನೆನಪಾಗುತ್ತದೆ.

ಇನ್ನು ಮುಂದೆ ಕೊಳ್ಳುವ ಆಸೆ ಬಂದರೆ ಎಚ್ಚರ. ಹಿತ್ತಾಳೆ ಬಣ್ಣ ಹೊಡೆದು ಲೈಕಾ ಅಂತ ಕೆತ್ತಿದ ಫೆಡ್, ಜೋರ್ಕಿಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. 1980ರ ಮಾಸ್ಕೋ ಒಲಿಂಪಿಕ್ಸ್ ಗುರುತಿನ ಜೆನಿಟ್‌ಗೂ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ, ಒಳಗೆ ಇದೇ ಯಂತ್ರ.

ಬೇಲೂರು_ಬೆಳಕು:

ಬೂಷ್ಟಿಗೆ ಸುಲಭ ದಾರಿ ಇದೆ. ಲೆನ್ಸನ್ನು ನಾಲ್ಕು ದಿನ ಬಿಸಿಲಿಗೆ ಇಟ್ಟು, ಆಮೇಲೆ ಅಕ್ಕಿ ಡಬ್ಬದಲ್ಲಿ ಹಾಕಿಡಿ. ನಮ್ಮ ಮನೆಯಲ್ಲಿ ಹಾಗೇ ಮಾಡುವುದು.

ಹಾಸನ_ಡಾರ್ಕ್‌ರೂಮ್:

ಬೇಲೂರಿನವರೇ, ಬೇಜಾರು ಮಾಡಿಕೊಳ್ಳಬೇಡಿ, ಅಕ್ಕಿ ಬೇಡ. ಅಕ್ಕಿಯ ಹಿಟ್ಟು ಲೆನ್ಸಿನ ತಿರುಪಿನೊಳಗೆ ಸೇರಿದರೆ ಫೋಕಸ್ ಬಳೆ ಕರಕರ ಅನ್ನುತ್ತದೆ. ಬಿಸಿಲಿಗೆ ಬೂಷ್ಟು ಬೆಳೆಯುವುದು ನಿಲ್ಲಬಹುದು, ಆದರೆ ಅದು ಗಾಜಿನ ಮೇಲೆ ಬಿಟ್ಟ ಕಲೆ ಹೋಗುವುದಿಲ್ಲ. ಬಿಚ್ಚಿ ಒರೆಸಲೇಬೇಕು. ಹೆಲಿಯೋಸ್ ಸರಳ ಲೆನ್ಸು, ಕೆಲಸ ತಿಳಿದವರಿಗೆ ಅರ್ಧ ಗಂಟೆ ಸಾಕು. ತಮ್ಮಾ, ನೀನೇ ಸ್ಕ್ರೂಡ್ರೈವರ್ ಹಿಡಿಯಬೇಡ. ಎಳೆಗಳು ಅಂಚಿನಲ್ಲಿ ಮಾತ್ರ ಇದ್ದರೆ ಮೊದಲ ರೀಲಿಗೆ ಏನೂ ತೊಂದರೆಯಿಲ್ಲ. ಸೂರ್ಯನಿಗೆ ಎದುರಾಗಿ ತೆಗೆದರೆ ಸ್ವಲ್ಪ ಮಂಜು ಮಂಜಾಗಿ ಬರಬಹುದು, ಅಷ್ಟೇ.

ಆ ಚರ್ಮದ ಕೇಸಿನಿಂದ ಮಾತ್ರ ಇವತ್ತೇ ಹೊರಗೆ ತೆಗೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚರ್ಮ ತೇವ ಕುಡಿದು ಬಿಡುವುದೇ ಇಲ್ಲ, ಬೂಷ್ಟು ಹುಟ್ಟುವುದೇ ಅಲ್ಲಿ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರು. ತೇವ ಶೇಕಡಾ 40ರಿಂದ 50ರ ಒಳಗೆ ಇರಲಿ. ಜೆಲ್ ಬಣ್ಣ ತಿರುಗಿದರೆ ಹಳೇ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಹಾಕು. ಅಡುಗೆಯ ಬಾಣಲೆ ಬೇಡ. ಮತ್ತೆ ಆಷಾಢದಲ್ಲೂ ವಾರಕ್ಕೊಮ್ಮೆ ತೆಗೆದು ನಾಲ್ಕು ಸಲ ಕೀ ಕೊಟ್ಟು ಒತ್ತು. ಸುಮ್ಮನೆ ಕೂತ ಕ್ಯಾಮೆರಾದ ಗ್ರೀಸು ಅಂಟಾಗುತ್ತದೆ.

ಕಣದ_ಮನೆ:

ಒಂದು ಮರೆತೆ. ಹೆಲಿಯೋಸ್-44-2ರಲ್ಲಿ ಅಪರ್ಚರಿಗೆ ಎರಡು ಬಳೆ ಇವೆ, ಹೊಸಬರು ಅಲ್ಲೇ ತಪ್ಪುತ್ತಾರೆ. ಉದಾಹರಣೆಗೆ 8 ಬೇಕಾದರೆ ಒಂದರಲ್ಲಿ 8 ಅಂತ ಗುರುತು ಇಡಬೇಕು. ಇನ್ನೊಂದನ್ನು ಪೂರ್ತಿ ತೆರೆದು 2ರ ಬೆಳಕಿನಲ್ಲಿ ಫೋಕಸ್ ಮಾಡಬೇಕು. ಆಮೇಲೆ ಅದೇ ಬಳೆಯನ್ನು ಮುಚ್ಚಿದರೆ 8ರಲ್ಲಿ ನಿಲ್ಲುತ್ತದೆ, ಕಣ್ಣಿಟ್ಟು ನೋಡುವ ಕಿಂಡಿ ಕತ್ತಲಾಗುತ್ತದೆ, ಆಗ ಒತ್ತಬೇಕು. ಮುಚ್ಚುವುದು ಮರೆತರೆ ಫೋಟೋ ಬೆಳ್ಳಗೆ ಸುಟ್ಟು ಹೋಗುತ್ತದೆ.

ಡಿಜಿಟಲ್ ಕ್ಯಾಮೆರಾಗೆ ಹಾಕುವುದು ತಪ್ಪೇನಲ್ಲ, 42 ಮಿಲಿಮೀಟರ್ ತಿರುಪಿನ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ. ಪೂರ್ತಿ ತೆರೆದಿಟ್ಟರೆ ಹಿಂದಿನ ಎಲೆಗಳ ಬೆಳಕು ಸುಳಿಯ ಹಾಗೆ ಸುತ್ತುತ್ತದೆ, ನೋಡಲು ಚಂದ. ಆದರೆ ಆ ಚೀಟಿ ಬರೆದದ್ದು ಆ ಬಾಡಿಗಾಗಿ ಅಲ್ವಾ?

ಮೂಡಿಗೆರೆ_ಮಳೆ:

ಐದು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. 400ರ ಕಪ್ಪು ಬಿಳುಪಿನ ರೀಲು ಹಾಕಿದೆ. 36ರಲ್ಲಿ 29 ಬಂದಿವೆ! ಡಾರ್ಕ್‌ರೂಮ್ ಅಣ್ಣ ಹಾಸನಕ್ಕೆ ಕರೆಸಿ, ತಮ್ಮ ಅಡುಗೆಮನೆಯಲ್ಲೇ ರೀಲು ತೊಳೆದುಕೊಟ್ಟರು. ಆ ಬೆಳಿಗ್ಗೆಯ ಚಳಿಗೆ ನಲ್ಲಿಯ ನೀರೇ ತೊಳೆಯಲು ಬೇಕಾದ 20 ಡಿಗ್ರಿ ಇತ್ತು, ಐಸು ಬೇಕಾಗಲಿಲ್ಲ. ಅವರಿಗೆ ಎಷ್ಟು ಹೇಳಿದರೂ ಕಡಿಮೆ.

ಹಾಳಾದ ಏಳರಲ್ಲಿ ಐದು ಬೇಲೂರು ಗುಡಿಯ ಒಳಗಿನವು. ನವರಂಗದ ಕಂಬಗಳ ಹತ್ತಿರ ಬೆಳಕೇ ಇಲ್ಲ. ಈ ಕ್ಯಾಮೆರಾದ ಅತಿ ನಿಧಾನದ ಸ್ಪೀಡು 30, ಅದರ ಕೆಳಗೆ ಬಿ ಮಾತ್ರ, ಅಂದರೆ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹೊರಗೆ ಜಗಲಿಯ ಮೇಲಿಂದ ತೆಗೆದ ಮದನಿಕೆಯರು, ಆನೆ ಸಾಲು ಎಲ್ಲಾ ಚೆನ್ನಾಗಿ ಬಂದಿವೆ. ಸಂಜೆಯ ಓರೆ ಬಿಸಿಲಿಗೆ ಬಳಪದ ಕಲ್ಲಿನ ಒಂದೊಂದು ಮಣಿಯೂ ಎದ್ದು ಕಾಣುತ್ತದೆ. ಕಿಂಡಿಯಲ್ಲಿ ಕಂಡದ್ದಕ್ಕಿಂತ ರೀಲಿನಲ್ಲಿ ಜಾಸ್ತಿ ಜಾಗ ಬರುತ್ತದೆ ಅಂತ ಈಗ ಗೊತ್ತಾಯಿತು, ಎಷ್ಟೋ ಫೋಟೋಗಳ ಅಂಚಿನಲ್ಲಿ ಬೇಡದ ಕೈ, ಚಪ್ಪಲಿ ಸೇರಿಕೊಂಡಿವೆ.

ದೊಡ್ಡಮ್ಮನ ಫೋಟೋ ಬಂದಿದೆ. 125, 5.6. ಚೀಟಿಯ ಲೆಕ್ಕ ಒಂದಿಷ್ಟೂ ತಪ್ಪಲಿಲ್ಲ. ನಾನು ಫೋಕಸ್ ಮಾಡಿ ಬಟನ್ ಒತ್ತಲು ಹೋದಾಗ ಅವರೇ "ಬಳೆ ಮುಚ್ಚಿದೆಯಾ? ನಿಮ್ಮ ದೊಡ್ಡಪ್ಪ ಯಾವಾಗಲೂ ಮರೆಯುತ್ತಿದ್ದರು" ಅಂದರು. ಮುಚ್ಚಿರಲಿಲ್ಲ.

ಎರಡನೇ ರೀಲು ಹಾಕಿದ್ದೇನೆ. ಹೇಮಾವತಿ ಹಿನ್ನೀರು ಇಳಿಯುತ್ತಿದೆಯಂತೆ, ಶೆಟ್ಟಿಹಳ್ಳಿ ಚರ್ಚು ಅರ್ಧ ಮೇಲೆ ಬಂದಿದೆ. ಭಾನುವಾರ ಬೆಳಿಗ್ಗೆ ಹೋಗೋಣ ಅಂತ. ಯಾರಾದರೂ ಬರುತ್ತೀರಾ?

ಕಣದ_ಮನೆ:

ಬರುತ್ತೇನೆ. ಲುಬಿಟೆಲ್ ತರುತ್ತೇನೆ, ಅದರಲ್ಲಿ 12 ಫೋಟೋ ಮಾತ್ರ, ಅದಕ್ಕೇ ಬೇಗ ಹೋಗಬೇಕು. ನೀರಿನ ಮೇಲೆ ಮಂಜು ಇರುವಾಗಲೇ.

ಬೇಲೂರು_ಬೆಳಕು:

ನಾನೂ ಬರುತ್ತೇನೆ. ಅಕ್ಕಿ ಡಬ್ಬದಿಂದ ಲೆನ್ಸ್ ತೆಗೆದಿದ್ದೇನೆ, ಫೋಕಸ್ ಬಳೆ ನಿಜಕ್ಕೂ ಕರಕರ ಅನ್ನುತ್ತಿದೆ. ಡಾರ್ಕ್‌ರೂಮ್ ಅಣ್ಣ, ನೀವು ಬಂದರೆ ಒಮ್ಮೆ ನೋಡಿ ಹೇಳುತ್ತೀರಾ?

ಹಾಸನ_ಡಾರ್ಕ್‌ರೂಮ್:

ತನ್ನಿ, ನೋಡೋಣ. ಆರೂವರೆಗೆ ಶೆಟ್ಟಿಹಳ್ಳಿಯಲ್ಲಿ ಇರುತ್ತೇನೆ.